ಯಂತ್ರದ ಮಾತಿಗೆ ಮೂಲಪ್ರತಿ ಎಲ್ಲಿ?

ಕಳೆದ ಜನವರಿಯಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋಗಿದ್ದಾಗ ಹನ್ನೆರಡು ವರ್ಷದ ಮೊಮ್ಮಗಳೊಡನೆ ಲಾಲ್‌ಬಾಗಿಗೆ ಹೋಗಿದ್ದೆ. ನಾನು ಅವಳನ್ನು ಕರೆದೊಯ್ದೆ ಎನ್ನುವುದಕ್ಕಿಂತ ಅವಳು ನನ್ನನ್ನು ಕರೆದೊಯ್ದಳು ಎನ್ನುವುದೇ ಸರಿ. ಮೆಟ್ರೊ ಟಿಕೆಟಿನಿಂದ ಹಿಡಿದು ತೋಟದೊಳಗಿನ ದಾರಿಯವರೆಗೆ ಎಲ್ಲವನ್ನೂ ಅವಳೇ ಮೊಬೈಲಿನಲ್ಲಿ ನೋಡಿಕೊಂಡಳು. ನಾಗಲಿಂಗ ಪುಷ್ಪದ ಮರವೊಂದರ ಮುಂದೆ ನಿಂತು ಅದರ ಹೂವಿನ ಚಿತ್ರ ತೆಗೆದಳು. ಕ್ಷಣಾರ್ಧದಲ್ಲಿ ಯಂತ್ರ ಆ ಮರದ ಸಸ್ಯಶಾಸ್ತ್ರೀಯ ಹೆಸರನ್ನು ಹೇಳಿ, ಅದು ದಕ್ಷಿಣ ಅಮೆರಿಕದಿಂದ ಬಂದ ಮರವೆಂದು ತಿಳಿಸಿತು. ಬುಡದಲ್ಲಿದ್ದ ನಾಮಫಲಕಕ್ಕೆ ಹೋಲಿಸಿ ನೋಡಿದೆ, ಅಕ್ಷರಶಃ ಸರಿಯಾಗಿತ್ತು. ನಮ್ಮ ಮಠ ಮಂದಿರಗಳ ಅಂಗಳದಲ್ಲಿ ಶಿವನ ಹೂವೆಂದು ನಾನು ಬಾಲ್ಯದಿಂದ ಕಂಡ ಮರ ಹೊರನಾಡಿನದೆಂಬುದನ್ನು ಮೊಮ್ಮಗಳ ಮೊಬೈಲಿನಿಂದ ಖಚಿತಪಡಿಸಿಕೊಂಡಂತಾಯಿತು.

ಮೇ ತಿಂಗಳ ರಜೆಗೆ ಅವಳು ನಮ್ಮೂರಿಗೆ ಬಂದಾಗ ಈ ಪ್ರಯೋಗ ಮುಂದುವರಿಯಿತು. ಬಾದಾಮಿಯ ಅಗಸ್ತ್ಯತೀರ್ಥದ ಆಚೆ, ತಟ್ಟುಕೋಟೆಯ ಬಳಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡ ತ್ರಿಪದಿಯ ಅತ್ಯಂತ ಹಳೆಯ ಉದಾಹರಣೆಗಳು ಅದರಲ್ಲಿವೆ ಎಂಬುದನ್ನು ಕನ್ನಡ ಸಾಹಿತ್ಯ ಚರಿತ್ರೆ ಓದಿದವರೆಲ್ಲ ಬಲ್ಲರು. ಮೊಮ್ಮಗಳು ಅದರ ಚಿತ್ರ ತೆಗೆದು ಅದೇ ಮೊಬೈಲಿನ ಒಂದು ತಂತ್ರಾಂಶಕ್ಕೆ ಕೊಟ್ಟು, ಇದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ಸುಂದರವಾದ ಕನ್ನಡದಲ್ಲಿ ಉತ್ತರ ಬಂತು: ಚಾಲುಕ್ಯ ಅರಸನೊಬ್ಬ ಕೆರೆಗೆ ಭೂಮಿ ದತ್ತಿ ಬಿಟ್ಟ ಶಾಸನವಿದು. ಅರಸನ ಹೆಸರಿತ್ತು, ಇಸವಿಯೂ ಇತ್ತು. ಆದರೆ ಆ ಶಾಸನದಲ್ಲಿ ಕೆರೆಯೂ ಇಲ್ಲ, ದತ್ತಿಯೂ ಇಲ್ಲ. ಇಸವಿಯಂತೂ ಇಲ್ಲವೇ ಇಲ್ಲ. ಅದು ಒಬ್ಬ ವೀರನ ಸ್ವಭಾವವನ್ನು ಹೊಗಳುವ ಬರಹ. ಲಿಪಿಯ ರೂಪವನ್ನು ನೋಡಿ ವಿದ್ವಾಂಸರು ಅದನ್ನು ಕ್ರಿ.ಶ. 700ರ ಆಸುಪಾಸಿನದೆಂದು ನಿರ್ಣಯಿಸಿದ್ದಾರೆ.

"ಅಜ್ಜಾ, ಲಾಲ್‌ಬಾಗಲ್ಲಿ ಸರಿ ಹೇಳಿದ್ದು ಇಲ್ಯಾಕೆ ತಪ್ಪು ಹೇಳ್ತು?" ಎಂದು ಅವಳು ಕೇಳಿದಳು. ಮಕ್ಕಳ ಪ್ರಶ್ನೆಗಳಲ್ಲಿ ಕೆಲವು ಸರ್ಕಾರಗಳು ಕೇಳಿಕೊಳ್ಳಬೇಕಾದ ಪ್ರಶ್ನೆಗಳಾಗಿರುತ್ತವೆ. ಇದು ಅಂಥದ್ದು.

ಲಾಲ್‌ಬಾಗಿನಲ್ಲಿ ಯಂತ್ರ ಸರಿಯಾದದ್ದು ಯಂತ್ರದ ಜಾಣ್ಮೆಯೊಂದರಿಂದಲೇ ಅಲ್ಲ. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಕ್ರುಂಬಿಗಲ್ ಅವರಿಂದ ಎಂ.ಎಚ್. ಮರಿಗೌಡರವರೆಗೆ ಹಲವು ಅಧಿಕಾರಿಗಳು, ಹೆಸರು ಉಳಿಯದ ಅಸಂಖ್ಯ ಮಾಲಿಗಳು ಅಲ್ಲಿ ಗಿಡ ನೆಟ್ಟರು, ಹೆಸರು ಬರೆದರು, ಸತ್ತ ಮರದ ಜಾಗದಲ್ಲಿ ಮತ್ತೊಂದನ್ನು ನೆಟ್ಟು ಪಟ್ಟಿ ತಿದ್ದಿದರು. ಜಗತ್ತಿನ ನೂರಾರು ಸಸ್ಯೋದ್ಯಾನಗಳು ಇದೇ ಕೆಲಸವನ್ನು ಒಂದೇ ಪದ್ಧತಿಯಲ್ಲಿ ಮಾಡಿದವು. ಹೀಗೆ ಹೆಸರು ಹಚ್ಚಿ ಕಾಪಾಡಿದ ಲಕ್ಷಾಂತರ ಮಾದರಿಗಳಿಂದ ಯಂತ್ರ ಮರವನ್ನು ಗುರುತಿಸಲು ಕಲಿಯಿತು. ಅದು ತಪ್ಪಿದರೆ ತಿದ್ದಲು ಮರ ಅಲ್ಲೇ ನಿಂತಿದೆ, ಫಲಕವೂ ಪಕ್ಕದಲ್ಲೇ ಇದೆ.

ಬಾದಾಮಿಯ ಬಂಡೆಯ ವಿಷಯದಲ್ಲಿ ಇಂಥ ಸಿದ್ಧತೆ ನಡೆದಿಲ್ಲ. ಆ ಶಾಸನವನ್ನು ಓದಿ 1881ರಲ್ಲಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್. ಅವರು ಮುಂಬಯಿ ಪ್ರಾಂತ್ಯದ ಕಂದಾಯ ಅಧಿಕಾರಿಯೂ ಆಗಿದ್ದರೆಂಬುದು ಅದೇ ವೃತ್ತಿಯಲ್ಲಿ ಆಯುಷ್ಯ ಕಳೆದ ನನ್ನಂಥವರಿಗೆ ಸ್ವಲ್ಪ ಅಭಿಮಾನದ, ಸ್ವಲ್ಪ ನಾಚಿಕೆಯ ಸಂಗತಿ. ಅವರ ನಂತರವೂ ಅನೇಕ ಕನ್ನಡ ವಿದ್ವಾಂಸರು ಅದನ್ನು ಚರ್ಚಿಸಿದ್ದಾರೆ. ಆದರೆ ಆ ಪಾಂಡಿತ್ಯದ ಬಹುಪಾಲು ಗ್ರಂಥಾಲಯದ ಕಪಾಟುಗಳಲ್ಲಿದೆ. ಬಂಡೆಯ ಮೇಲಿನ ಅಕ್ಷರ ಇದು, ಅದರ ಓದು ಇದು, ಅರ್ಥ ಇದು ಎಂದು ಜೋಡಿಸಿ ಯಂತ್ರಕ್ಕೆ ಕೊಟ್ಟದ್ದು ತೀರ ಕಡಿಮೆ.

ಇಂದಿನ ಕೃತಕ ಬುದ್ಧಿಮತ್ತೆಯ ಭಾಷಾ ಯಂತ್ರಗಳು ಕೆಲಸ ಮಾಡುವ ಬಗೆಯನ್ನು ಇಲ್ಲಿ ನೆನೆಯಬೇಕು. 2017ರಲ್ಲಿ ಪ್ರಕಟವಾದ ಒಂದು ಹೊಸ ವಿನ್ಯಾಸದಿಂದ ಬೆಳೆದು, 2022ರ ಕೊನೆಯಲ್ಲಿ ಚಾಟ್‌ಜಿಪಿಟಿಯ ಮೂಲಕ ಮನೆಮಾತಾದ ಈ ಯಂತ್ರಗಳು ಅಪಾರ ಬರಹವನ್ನು ಓದಿ, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕ ಹಾಕಲು ಕಲಿತಿವೆ. ಓದಿದ್ದು ಹೇರಳವಾಗಿದ್ದಲ್ಲಿ ಉತ್ತರ ಬಹುಮಟ್ಟಿಗೆ ಸರಿಯಿರುತ್ತದೆ. ಕಡಿಮೆಯಿದ್ದಲ್ಲಿ ಯಂತ್ರ ಮೌನವಾಗುವ ಬದಲು ಸಂಭವನೀಯವಾದುದನ್ನು ಹೇಳಿಬಿಡುತ್ತದೆ. ನಮ್ಮ ಶಾಸನಗಳಲ್ಲಿ ದತ್ತಿ ಶಾಸನಗಳೇ ಹೆಚ್ಚಲ್ಲವೇ? ಆದ್ದರಿಂದ ಇದೂ ದತ್ತಿ ಶಾಸನವೇ ಇರಬೇಕೆಂದು ಅದು ಊಹಿಸಿರಬಹುದು. ಊಹೆಯನ್ನು ಊಹೆಯೆಂದು ಹೇಳದೆ ನಿರ್ಣಯದ ಧ್ವನಿಯಲ್ಲಿ ಹೇಳಿದ್ದೇ ಅಪಾಯ.

ಈ ಅಪಾಯವನ್ನು ನಾನು ಮೊದಲು ಕಂಡದ್ದು ಶಾಸನದಲ್ಲಲ್ಲ, ಪಹಣಿಯಲ್ಲಿ. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಡಿ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ದೇಶವೇ ಗಮನಿಸಿದ ಕೆಲಸವದು. ಗ್ರಾಮಲೆಕ್ಕಿಗನ ಮನೆ ಬಾಗಿಲು ಕಾಯುತ್ತಿದ್ದ ರೈತ 15 ರೂಪಾಯಿ ಕೊಟ್ಟು ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ ಉತಾರ ಪಡೆಯುವಂತಾದದ್ದು ಸಣ್ಣ ಕ್ರಾಂತಿಯಲ್ಲ. ಆ ಕಾರ್ಯದಲ್ಲಿ ಪಾಲ್ಗೊಂಡವರಲ್ಲಿ ನಾನೂ ಒಬ್ಬ ಎಂಬುದು ಇಂದಿಗೂ ನನ್ನ ಹೆಮ್ಮೆ.

ಆದರೆ ಆ ದಿನಗಳಲ್ಲೇ ನಮ್ಮ ಭಾಗದ ಒಂದು ತಾಲ್ಲೂಕು ಕಚೇರಿಯಲ್ಲಿ ಒಬ್ಬ ವಿಧವೆ ನನ್ನೆದುರು ಬಂದು ನಿಂತರು. ಮಾಹಿತಿ ನಮೂದಿಸುವಾಗ ಅವರ ಗಂಡನ ಹೆಸರಿನ ಕೊನೆಯ 'ಪ್ಪ' ಎಂಬುದು 'ವ್ವ' ಆಗಿ, ಗಂಡಸು ಹೆಂಗಸಾಗಿದ್ದ. ವಾರಸಾ ದಾಖಲಾಗದೆ, ಸೊಸೈಟಿಯ ಸಾಲ ಸಿಗದೆ ಆಕೆ ಒಂದೂವರೆ ವರ್ಷ ಅಲೆದಿದ್ದರು. "ಸಾಹೇಬ್ರ, ಮಷಿನ್‌ನ್ಯಾಗ ಹಂಗ ಐತಿ ಅಂತಾರ್ರಿ. ಮಷಿನ್‌ನ್ಯಾಗ ಇಲ್ಲಂದ್ರ ನನ್ನ ಗಂಡ ಇರಲೇ ಇಲ್ಲೇನ್ರಿ?" ಎಂದು ಅವರು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಕೈಬರಹದ ಕಾಲದಲ್ಲೂ ತಪ್ಪುಗಳಿದ್ದವು. ಆದರೆ ಕೈಬರಹದ ತಪ್ಪನ್ನು ಎಲ್ಲರೂ ತಪ್ಪೆಂದು ಒಪ್ಪುತ್ತಿದ್ದರು. ಯಂತ್ರದ ತಪ್ಪಿಗೆ ಅಚ್ಚಿನ ಗಾಂಭೀರ್ಯ ಬಂದುಬಿಟ್ಟಿತ್ತು.

ಕೊನೆಗೆ ಆಕೆಯನ್ನು ಕಾಪಾಡಿದ್ದು ದಾಖಲೆ ಕೊಠಡಿಯಲ್ಲಿ ಕೆಂಪು ರುಮಾಲಿನಲ್ಲಿ ಕಟ್ಟಿಟ್ಟಿದ್ದ ಹಳೆಯ ಹಕ್ಕು ಬದಲಾವಣೆ ವಹಿ. ಧೂಳು ಕೊಡವಿ ಪುಟ ತೆಗೆದಾಗ ಗಂಡನ ಹೆಸರು ಸ್ಪಷ್ಟವಾಗಿತ್ತು. ಗಣಕೀಕರಣ ಮುಗಿಯಿತಲ್ಲ, ಇನ್ನು ಈ ಕಂತೆಗಳೇಕೆ ಎಂದು ಯಾರಾದರೂ ಅವುಗಳನ್ನು ವಿಲೇವಾರಿ ಮಾಡಿಬಿಟ್ಟಿದ್ದರೆ ಆಕೆಯ ನಾಲ್ಕು ಎಕರೆ ಏನಾಗುತ್ತಿತ್ತೋ ಹೇಳಲಾರೆ. ಯಂತ್ರ ಎಷ್ಟೇ ಬೆಳೆಯಲಿ, ಅದರ ಮಾತನ್ನು ಒರೆಗೆ ಹಚ್ಚಲು ಮೂಲಪ್ರತಿ ಬೇಕು ಎಂಬ ಪಾಠವನ್ನು ನಾನು ಕಲಿತದ್ದು ಆ ರುಮಾಲಿನಿಂದ.

ಹಾಗಾಗಿಯೇ ವಸ್ತುಸಂಗ್ರಹಾಲಯಗಳು ಭಾನುವಾರದ ವಿಹಾರಕ್ಕೆ ಮಾತ್ರ ಎಂಬ ಭಾವನೆಯನ್ನು ನಾನು ಒಪ್ಪುವುದಿಲ್ಲ. ಸೇವೆಯಲ್ಲಿದ್ದಾಗ ಸಭೆಗೆಂದು ಬೆಂಗಳೂರಿಗೆ ಹೋದಾಗಲೆಲ್ಲ ಬಿಡುವಿದ್ದರೆ ಕಸ್ತೂರಬಾ ರಸ್ತೆಗೆ ಹೋಗುವುದು ನನ್ನ ರೂಢಿಯಾಗಿತ್ತು. ಕಬ್ಬನ್ ಉದ್ಯಾನದ ಅಂಚಿನಲ್ಲಿ, 1865ರಲ್ಲಿ ಸ್ಥಾಪನೆಯಾದ ಸರ್ಕಾರಿ ವಸ್ತುಸಂಗ್ರಹಾಲಯವೂ 1962ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೂ ನೆರೆಹೊರೆಯವು. ಒಂದರಲ್ಲಿ ಕ್ರಿ.ಶ. 949-50ರ ಆತಕೂರಿನ ಶಿಲೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ತಕ್ಕೋಲಂ ಯುದ್ಧದ ಪ್ರಸ್ತಾಪದೊಡನೆ, ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಅದು ನೆನೆಯುತ್ತದೆ. ನಾಯಿ ಮತ್ತು ಹಂದಿಯ ಚಿತ್ರವೇ ಅದರ ಮೇಲಿದೆ. ಇನ್ನೊಂದರಲ್ಲಿ ಉಗಿಯಂತ್ರಗಳಿಂದ ಹಿಡಿದು ವಿದ್ಯುತ್ತಿನ ಉಪಕರಣಗಳವರೆಗೆ ಮನುಷ್ಯನ ಕೈಕೆಲಸದ ಚರಿತ್ರೆ. ಹಳೆಯ ಕಲ್ಲೂ ಹೊಸ ಯಂತ್ರವೂ ಒಂದೇ ರಸ್ತೆಯಲ್ಲಿ ಅಕ್ಕಪಕ್ಕದಲ್ಲಿವೆ. ನಮ್ಮ ಯೋಜನೆಗಳಲ್ಲಿ ಮಾತ್ರ ಅವೆರಡಕ್ಕೂ ಸಂಬಂಧವೇ ಇಲ್ಲದಂತೆ, ಒಂದು ಸಂಸ್ಕೃತಿ ಇಲಾಖೆಗೆ, ಇನ್ನೊಂದು ತಂತ್ರಜ್ಞಾನ ಇಲಾಖೆಗೆ ಸೇರಿಬಿಟ್ಟಿದೆ.

ಗಣಕಗಳ ಭವಿಷ್ಯದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ವೇಗದ ಲೆಕ್ಕ ಕೊಡುತ್ತಾರೆ. ಬಾಳಿಕೆಯ ಲೆಕ್ಕ ಕೊಡುವವರು ವಿರಳ. 1990ರ ದಶಕದಲ್ಲಿ ನಾನಿದ್ದ ಕಚೇರಿಯೊಂದರಲ್ಲಿ ಬರ ಪರಿಹಾರದ ಗ್ರಾಮವಾರು ಅಂಕಿಅಂಶಗಳನ್ನು ಶ್ರಮಪಟ್ಟು ಫ್ಲಾಪಿಗಳಲ್ಲಿ ತುಂಬಿಟ್ಟಿದ್ದೆವು. ಹದಿನೈದು ವರ್ಷಗಳ ನಂತರ ಅವು ಬೇಕಾದಾಗ, ಫ್ಲಾಪಿಗಳಿದ್ದವು, ಓದುವ ಯಂತ್ರವಿರಲಿಲ್ಲ. ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದ್ದರೂ, ನಮ್ಮ ಕಚೇರಿಗಳು ಬಹುಕಾಲ ಹಳೆಯ ಅಕ್ಷರವಿನ್ಯಾಸಗಳಲ್ಲೇ ಟೈಪು ಮಾಡಿದವು. ಆ ಕಡತಗಳನ್ನು ಇಂದು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಬಂಡೆಯನ್ನು ಓದಬಲ್ಲೆವು, ಇಪ್ಪತ್ತು ವರ್ಷಗಳ ಹಿಂದಿನ ನಮ್ಮದೇ ಸುತ್ತೋಲೆಯನ್ನು ಓದಲು ಪರಿವರ್ತಕ ಹುಡುಕಬೇಕು. ಇದು ತಂತ್ರಜ್ಞಾನವನ್ನು ಹಳಿಯುವ ಮಾತಲ್ಲ. ಪ್ರತಿ ಹೊಸ ಯಂತ್ರ ಬಂದಾಗಲೂ ಹಳೆಯದನ್ನು ಹೊಸದಕ್ಕೆ ದಾಟಿಸುವ ಹೊಣೆಯನ್ನು ನಾವು ಯಾರಿಗೂ ವಹಿಸಲಿಲ್ಲ ಎಂಬುದಷ್ಟೇ ನನ್ನ ದೂರು.

ದಾಟಿಸುವ ಈ ಕೆಲಸವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಬಾದಾಮಿಯಿಂದ ಹೊರಟ ನಾವು ಮಲಪ್ರಭೆಯ ದಡದ ಶಿವಯೋಗ ಮಂದಿರಕ್ಕೆ ಹೋದೆವು. ಚಿಕ್ಕಂದಿನಲ್ಲಿ ನಮ್ಮಜ್ಜಿ ಅಲ್ಲಿಯ ವಿಭೂತಿ ಗಟ್ಟಿಯನ್ನಲ್ಲದೆ ಬೇರೆಯದನ್ನು ಮುಟ್ಟುತ್ತಿರಲಿಲ್ಲ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಸ್ಥಾಪಿಸಿದ ಈ ಸಂಸ್ಥೆ ಮಠಗಳಿಗೆ ಸ್ವಾಮಿಗಳನ್ನು ತರಬೇತಿಗೊಳಿಸುವ ಸ್ಥಳವೆಂದು ಎಲ್ಲರಿಗೂ ಗೊತ್ತು. ಕುಮಾರಸ್ವಾಮಿಗಳು ಗಾನಯೋಗಿ ಪಂಚಾಕ್ಷರಿ ಗವಾಯಿಗಳಿಗೆ ಆಶ್ರಯವಿತ್ತು ಸಂಗೀತಕ್ಕೆ ದಾರಿ ಮಾಡಿದ ಸಂಗತಿಯೂ ಪ್ರಸಿದ್ಧ. ಅವರು ಊರೂರುಗಳಿಂದ ತಾಳೆಗರಿಯ ಗ್ರಂಥಗಳನ್ನು ಸಂಗ್ರಹಿಸಿದ್ದು ಅಷ್ಟಾಗಿ ಜನರ ನೆನಪಿನಲ್ಲಿಲ್ಲ. ತಾಳೆಗರಿ ಅಮರವಲ್ಲ. ಹುಳು ತಿನ್ನುತ್ತದೆ, ಅಂಚು ಮುರಿಯುತ್ತದೆ. ಎಣ್ಣೆ ಸವರಿ, ಕಾಡಿಗೆ ತೀಡಿ, ಮರದ ಹಲಗೆಗಳ ನಡುವೆ ಇಟ್ಟು ದಾರ ಕಟ್ಟಿ, ಬಟ್ಟೆಯಲ್ಲಿ ಸುತ್ತಿ ಕಾಯಬೇಕು. ಹಳೆಯದು ಶಿಥಿಲವಾಗುವ ಮೊದಲೇ ಹೊಸ ಗರಿಯ ಮೇಲೆ ಪ್ರತಿ ಮಾಡಿಕೊಳ್ಳಬೇಕು. ಪೂಜೆಯ ಜಗಲಿಯ ಮೇಲೆ ಹೂ ಏರಿಸಿಕೊಂಡು ಕೂತ ಎಷ್ಟೋ ಕಟ್ಟುಗಳು ಯಾರೂ ಬಿಚ್ಚಿ ನೋಡದೆ ಪುಡಿಯಾದವು.

ಅಂಥ ಕಟ್ಟುಗಳನ್ನು ಬಿಚ್ಚಿಸಿದವರಲ್ಲಿ ಅಗ್ರಗಣ್ಯರು ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು. ಮನೆಮನೆ ಅಲೆದು ಹಸ್ತಪ್ರತಿ ಕೂಡಿಸಿ, ಪಾಠಗಳನ್ನು ಹೋಲಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಇಂದು ಯಾವ ಯಂತ್ರವಾದರೂ ಬಸವಣ್ಣನವರ ಬಗ್ಗೆ ನಾಲ್ಕು ಮಾತು ಸರಿಯಾಗಿ ಹೇಳುತ್ತಿದ್ದರೆ ಅದರ ಹಿಂದೆ ಹಳಕಟ್ಟಿಯವರ ಕಾಲ್ನಡಿಗೆ ಇದೆ. ವಚನಗಳು ಜಾಲತಾಣಗಳಲ್ಲಿ ಶೋಧಿಸಬಹುದಾದ ರೂಪದಲ್ಲಿ ಸಿಗುತ್ತಿರುವುದರಿಂದಲೇ ಯಂತ್ರ ಅವುಗಳನ್ನು ಕಲಿತಿದೆ. ಜಗಲಿಯ ಮೇಲೆಯೇ ಉಳಿದ ಗ್ರಂಥಗಳ ಬಗ್ಗೆ ಅದು ಊಹಿಸುತ್ತದೆ.

ಬರಹಕ್ಕೆ ಇಳಿಯದೆಯೇ ಬದುಕಿರುವ ಜ್ಞಾನವೂ ನಮ್ಮ ಸುತ್ತ ಇದೆ. ಕಂಪ್ಯೂಟರಿನ ಹಿಂದಿನ ತಲೆಮಾರುಗಳಲ್ಲಿ ಮಗ್ಗಕ್ಕೂ ಒಂದು ಸ್ಥಾನವಿದೆಯೆಂಬುದು ವಿಜ್ಞಾನದ ಚರಿತ್ರೆ ಓದಿದವರಿಗೆ ತಿಳಿದದ್ದೇ. ಫ್ರಾನ್ಸಿನ ಜಾಕಾರ್ಡ್ ಮಗ್ಗದ ತೂತಿನ ರಟ್ಟುಗಳೇ ಚಾರ್ಲ್ಸ್ ಬ್ಯಾಬೇಜ್‌ನ ಗಣನಯಂತ್ರದ ಕಲ್ಪನೆಗೆ ಪ್ರೇರಣೆಯಾದವು. ನಮ್ಮ ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವ ವಿಧಾನವೂ ಒಂದು ಲೆಕ್ಕಾಚಾರವೇ. ಅದು ಪುಸ್ತಕದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಬೆರಳುಗಳಲ್ಲಿದೆ. ಆ ಬೆರಳುಗಳು ದಣಿದು, ಮಕ್ಕಳು ಬೇರೆ ಉದ್ಯೋಗಕ್ಕೆ ಹೋದ ಮೇಲೆ ಅದರ ಮೂಲಪ್ರತಿ ಎಲ್ಲಿ ಹುಡುಕುವುದು?

ಅರ್ಥಶಾಸ್ತ್ರ ಓದಿದವನಾಗಿ ಒಂದು ಮಾತು ಹೇಳಬೇಕು. ಒಂದು ಹಸ್ತಪ್ರತಿಯನ್ನು ಹುಡುಕಿ, ಶುಚಿ ಮಾಡಿ, ಚಿತ್ರ ತೆಗೆದು, ಬಲ್ಲವರಿಂದ ಓದಿಸುವ ಖರ್ಚು ದೊಡ್ಡದು. ಅದಾದ ಮೇಲೆ ಅದರ ಸಾವಿರ ಪ್ರತಿ ಮಾಡುವ ಖರ್ಚು ಬಹುತೇಕ ಶೂನ್ಯ. ಒಬ್ಬ ಓದಿದರೆ ಇನ್ನೊಬ್ಬನ ಪಾಲು ಕಡಿಮೆಯಾಗುವುದಿಲ್ಲ. ಇಂಥ ವಸ್ತುವನ್ನು ಮಾರುಕಟ್ಟೆ ತಾನಾಗಿ ಸಾಕಷ್ಟು ಉತ್ಪಾದಿಸುವುದಿಲ್ಲವೆಂಬುದು ಸಾರ್ವಜನಿಕ ಹಣಕಾಸಿನ ಮೊದಲ ಪಾಠ. ಗಿರಾಕಿ ಹೆಚ್ಚಿರುವ ಭಾಷೆಗಳ ಕೆಲಸವನ್ನು ಕಂಪನಿಗಳು ಮಾಡಿಕೊಂಡಾವು. ಹಳಗನ್ನಡದ ಕೆಲಸವನ್ನು ನಾವೇ ಮಾಡಬೇಕು. ಕಂಪನಿಗಳನ್ನು ದೂರಿ ಪ್ರಯೋಜನವಿಲ್ಲ.

ದಾರಿ ಕಾಣದ ಸ್ಥಿತಿಯೇನೂ ಇಲ್ಲ. ಶಿವಯೋಗ ಮಂದಿರದಂತೆಯೇ 1909ರಲ್ಲಿ ಹುಟ್ಟಿದ ಬೆಂಗಳೂರಿನ ಮಿಥಿಕ್ ಸೊಸೈಟಿ ಕೆಲವು ವರ್ಷಗಳಿಂದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೆಸಿದೆ. ಸವೆದ ಅಕ್ಷರಗಳು ಕಣ್ಣಿಗಿಂತ ಆ ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. 2018ರಲ್ಲಿ ಹೆಬ್ಬಾಳದಲ್ಲಿ ದೊರೆತ ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲಿಗೆ ಸಾರ್ವಜನಿಕರೇ ಮುಂದೆ ಬಂದು ಮಂಟಪ ಕಟ್ಟಿಸಿದರು. ಕೇಂದ್ರ ಸರ್ಕಾರ 2025ರ ಆಯವ್ಯಯದಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಗಾಗಿ 'ಜ್ಞಾನ ಭಾರತಂ' ಯೋಜನೆಯನ್ನು ಘೋಷಿಸಿದೆ. ಈ ಕೆಲಸ ದೆಹಲಿ, ಬೆಂಗಳೂರುಗಳಲ್ಲೇ ಮುಗಿಯದೆ ಬಾದಾಮಿ, ಹುನಗುಂದ, ಇಳಕಲ್ಲಿಗೂ ಬರಬೇಕು.

ಜಿಲ್ಲೆಯ ಮಟ್ಟದಲ್ಲಿ ಆಗಬಹುದಾದ ನಾಲ್ಕು ಕೆಲಸಗಳನ್ನು ಆಡಳಿತದ ಅನುಭವದಿಂದ ಹೇಳಬಯಸುತ್ತೇನೆ. ಮೊದಲನೆಯದು, ಮಠ, ಮನೆತನ, ಬಸದಿ, ದರ್ಗಾಗಳಲ್ಲಿರುವ ಹಸ್ತಪ್ರತಿಗಳ ತಾಲ್ಲೂಕುವಾರು ಪಟ್ಟಿ. ಮೂಲ ಕಟ್ಟನ್ನು ಯಾರೂ ಒಯ್ಯಕೂಡದು. ಸ್ಕ್ಯಾನ್ ಮಾಡಿದ ಒಂದು ಪ್ರತಿ ಒಡೆಯರ ಬಳಿಯೇ ಉಳಿಯಬೇಕು, ಅವರ ಹೆಸರು ಪಟ್ಟಿಯಲ್ಲಿರಬೇಕು. ಹಿಂದೆ ಕೊಟ್ಟ ಗ್ರಂಥ ಮರಳಿ ಬಾರದ ನೆನಪುಳ್ಳವರು ಬಾಗಿಲು ತೆರೆಯಲು ಹಿಂಜರಿದರೆ ಅದು ಅವರ ತಪ್ಪಲ್ಲ. ಎರಡನೆಯದು, ನಮ್ಮ ದಾಖಲೆ ಕೊಠಡಿಗಳ ಮೋಡಿ ಲಿಪಿಯ ಕಡತಗಳು. ಮುಂಬಯಿ ಪ್ರಾಂತ್ಯದ ಕಾಲದ ಎಷ್ಟೋ ಜಮೀನಿನ ಹಕ್ಕುಗಳು ಆ ಲಿಪಿಯಲ್ಲಿವೆ, ಓದಬಲ್ಲವರು ಬೆರಳೆಣಿಕೆಯಷ್ಟು. ಅವರು ಇರುವಾಗಲೇ ಹತ್ತಾರು ಯುವಕರಿಗೆ ವೇತನ ಸಹಿತ ತರಬೇತಿ ಕೊಡಬೇಕು. ಮೂರನೆಯದು, ಹಳೆಯ ಅಕ್ಷರವಿನ್ಯಾಸದ ಸರ್ಕಾರಿ ಕಡತಗಳೆಲ್ಲ ಯೂನಿಕೋಡ್‌ಗೆ ಬರಬೇಕು. ಮತ್ತು ಗಣಕೀಕರಣವಾಯಿತೆಂಬ ಕಾರಣಕ್ಕೆ ಯಾವ ಮೂಲ ಕಡತವನ್ನೂ ನಾಶ ಮಾಡಕೂಡದು. ನಾಲ್ಕನೆಯದು, ಬಾದಾಮಿ ಮತ್ತು ಐಹೊಳೆಯಲ್ಲಿರುವ ವಸ್ತುಸಂಗ್ರಹಾಲಯಗಳಿಗೆ ನಮ್ಮ ಶಾಲಾ ಮಕ್ಕಳನ್ನು ಪ್ರತಿವರ್ಷ ಕರೆದೊಯ್ದು, ಅಲ್ಲಿ ಒಂದು ಶಾಸನವನ್ನಾದರೂ ಅಕ್ಷರ ಕೂಡಿಸಿ ಓದಿಸಬೇಕು. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಊರ ಮರಗಳಿಗೆ ಲಾಲ್‌ಬಾಗಿನಂತೆ ಹೆಸರಿನ ಫಲಕ ಹಾಕಿಸುವುದು ಅದರ ವಿದ್ಯಾರ್ಥಿಗಳಿಗೆ ಕಷ್ಟದ ಕೆಲಸವಲ್ಲ.

ಇಷ್ಟಕ್ಕೆಲ್ಲ ಹಣವೆಲ್ಲಿ ಎಂದು ಕೇಳುವವರಿದ್ದಾರೆ. ಅಣೆಕಟ್ಟು, ಹೆದ್ದಾರಿಗಳ ಖರ್ಚಿನ ಮುಂದೆ ಇದು ಸಣ್ಣ ಮೊತ್ತ. ಕೊರತೆಯಿರುವುದು ಹಣಕ್ಕಿಂತ ಹೆಚ್ಚಾಗಿ ಇದು ಯಾರ ಕೆಲಸ ಎಂಬ ನಿರ್ಧಾರಕ್ಕೆ. ಇನ್ನು ಕೆಲವರು, ತಪ್ಪು ಹೇಳುವ ಈ ಯಂತ್ರಗಳನ್ನು ದೂರವೇ ಇಡೋಣ ಎನ್ನುತ್ತಾರೆ. 'ಭೂಮಿ' ಯೋಜನೆಯ ದಿನಗಳಲ್ಲೂ ಈ ಮಾತು ಕೇಳಿದ್ದೆ. ಕೆಲವು ಪಹಣಿಗಳು ತಪ್ಪಾದವೆಂದು ಲಕ್ಷಾಂತರ ರೈತರಿಗಾದ ಅನುಕೂಲವನ್ನು ತಳ್ಳಿಹಾಕಲಾದೀತೇ? ಯಂತ್ರ ಬರಲಿ, ಕನ್ನಡವನ್ನು ನಮಗಿಂತ ವೇಗವಾಗಿ ಓದಲಿ. ಅದು ಹೇಳಿದ್ದು ಸರಿಯೋ ತಪ್ಪೋ ಎಂದು ನೋಡಲು ಕಲ್ಲು, ಗರಿ, ಕಾಗದ ಮತ್ತು ಅವುಗಳನ್ನು ಓದಬಲ್ಲ ನಾಲ್ಕು ಜನ ಪ್ರತಿ ತಾಲ್ಲೂಕಿನಲ್ಲೂ ಇರಲಿ.

ಆ ಸಂಜೆ ಮಲಪ್ರಭೆಯ ದಡದಲ್ಲಿ ಕೂತು ಮೊಮ್ಮಗಳಿಗೆ ಕಪ್ಪೆ ಅರಭಟ್ಟನ ಶಾಸನದ ನಿಜವಾದ ಅರ್ಥವನ್ನು ನನಗೆ ತಿಳಿದಷ್ಟು ಹೇಳಿದೆ. ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ನಮ್ಮನ್ನೆಲ್ಲ ಆ ಬಂಡೆಯ ಮುಂದೆ ನಿಲ್ಲಿಸಿ ಹೇಳಿಕೊಟ್ಟದ್ದು ಅದು. ಅವಳು ಕೇಳಿ, ಮೊಬೈಲಿನ ಆ ತಪ್ಪು ಉತ್ತರದ ಕೆಳಗೆ ಸರಿಯಾದುದನ್ನು ಕನ್ನಡದಲ್ಲೇ ಬರೆದಳು. ನನಗೆ ಹೇಳಲು ಒಬ್ಬ ಮೇಷ್ಟ್ರಿದ್ದರು. ಅವಳಿಗೆ ಹೇಳಲು ನಾನಿದ್ದೆ. ಅವಳ ಮೊಮ್ಮಕ್ಕಳ ಕಾಲಕ್ಕೆ ಯಾರಿರುತ್ತಾರೆ ಎಂಬ ಏರ್ಪಾಡನ್ನು ನಾವು ಈಗಲೇ ಮಾಡಿಡಬೇಕು.